ನಾಲ್ಕು ಊರಿಗೆ ಒಂದು ಕೋಲಿನ ಡಬ್ಬಿ

ನನ್ನ ಕೈಗೆ ಯಂತ್ರವೊಂದು ಬಂತೆಂದರೆ ಅದರ ಬೆನ್ನಿಗೇ ಫಜೀತಿಯೂ ಬಂತೆಂದು ತಿಳಿಯಬೇಕು. ಬೈಲಹೊಂಗಲದ ಬಸ್ಸು ಒಂದು ದಿನ ತಪ್ಪೀತು, ಇದು ಮಾತ್ರ ಎಂದೂ ತಪ್ಪಿದ್ದಿಲ್ಲ. ಗಡಿಯಾರ ರಿಪೇರಿಗೆ ಕೂತರೆ ಸ್ಪ್ರಿಂಗು ಸೀದಾ ಪಕ್ಕದ ಮನೆಯವರ ಸಾರಿನ ಪಾತ್ರೆಗೆ ಬೀಳುತ್ತಿತ್ತು. ಆದರೆ ರೇಡಿಯೋದಿಂದ ಓಡುವ ಗಾಡಿಗಳ ಫಜೀತಿಯಂಥದ್ದು ಇನ್ನೊಂದಿಲ್ಲ. ಅದರಲ್ಲಿ ನನ್ನ ಅನ್ನವೇ ಸಿಕ್ಕಿಕೊಂಡಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ, ಅದೂ ಟೆಂಪರರಿ. ಎರಡು ವರ್ಷದಿಂದ ಪ್ರತಿ ಜೂನ್ ತಿಂಗಳಲ್ಲಿ ಒಂದು ನೇಮಕದ ಚೀಟಿ ಬರುತ್ತಿತ್ತು, ಆ ಚೀಟಿಯ ಮೇಲೆ ಒಂದು ವರ್ಷ ಬದುಕುತ್ತಿದ್ದೆ. ಬಾಡಿಗೆ ಖೋಲಿಯಲ್ಲಿ ಟ್ರಂಕಿನಿಂದ ಬಟ್ಟೆ ಸಹ ಪೂರ್ತಿ ಹೊರಗೆ ತೆಗೆದಿರಲಿಲ್ಲ. ನಮ್ಮ ಸಂಸ್ಥೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಹೀಗೆ ನಾಲ್ಕು ಊರಲ್ಲಿ ನಾಲ್ಕು ಹೈಸ್ಕೂಲು. ಸಂಸ್ಥೆಯ ಚೇರ್ಮನ್ನರು ಹೊಲಮನೆಯ ಗೌಡರು. ಅವರು ಒಮ್ಮೆ ಮುಂಬಯಿಗೆ ಹೋದಾಗ, ತಂತಿಯಿಲ್ಲದೆ ದೂರದಿಂದಲೇ ಓಡಿಸುವ ಗೇಣುದ್ದದ ಮೋಟಾರು ಗಾಡಿಯನ್ನು ಯಾವುದೋ ಪ್ರದರ್ಶನದಲ್ಲಿ ಕಂಡು ಬಂದರು. ನಮ್ಮ ನಾಲ್ಕೂ ಸಾಲಿಗೆ ಒಂದೊಂದು ಬೇಕೆಂದರು. ಅಲ್ಲಿಂದ ಸುರುವಾಯಿತು.

೧. ಸ್ಟೇರಿಂಗೋ ಕೋಲೋ

ಮುಂಬಯಿಯ ಅಂಗಡಿಯವನಿಂದ ಟೈಪು ಮಾಡಿದ ಕಾಗದ ಬಂತು. ಗಾಡಿ ಓಡಿಸುವ ಡಬ್ಬಿಯಲ್ಲಿ ಎರಡು ನಮೂನೆ ಇವೆ, ಯಾವುದು ಬೇಕು ತಿಳಿಸಿರಿ ಎಂದಿತ್ತು. ಒಂದರ ಮೇಲೆ ಪುಟ್ಟ ಸ್ಟೇರಿಂಗು ಇರುತ್ತದೆ, ಆದರೆ ಅದು ಒಂದೇ ಗಾಡಿಗೆ. ಇನ್ನೊಂದರ ಮೇಲೆ ಎರಡು ಕೋಲು ಇರುತ್ತವೆ. ಎಡದ ಕೋಲು ಒತ್ತಿದರೆ ಗಾಡಿಯ ಎಡಗಡೆಯ ಗಾಲಿ ತಿರುಗುತ್ತದೆ, ಬಲದ್ದು ಒತ್ತಿದರೆ ಬಲಗಡೆಯದು. ಈ ಡಬ್ಬಿಯ ಒಳಗೆ ಒಂದು ಸಣ್ಣ ಹರಳು ಕೂಡುತ್ತದೆ. ಹರಳು ಬದಲಿಸಿದರೆ ಅದೇ ಡಬ್ಬಿಯಿಂದ ಎಷ್ಟು ಗಾಡಿಯನ್ನಾದರೂ ಓಡಿಸಬಹುದು.

ಕಮಿಟಿ ಸೇರಿತು. ಮೆಂಬರುಗಳಲ್ಲಿ ಒಬ್ಬರು ಲಾರಿ ಮಾಲಕರು. ನಾನು ಕೋಲಿನ ಡಬ್ಬಿ ಸಾಕು ಎಂದು ಹೇಳಿದ್ದೇ ತಡ, ಅವರು ಕುರ್ಚಿಯಲ್ಲಿ ಮುಂದೆ ಸರಿದರು.

"ಗಾಡಿ ಅಂದಮ್ಯಾಲೆ ಸ್ಟೇರಿಂಗ್ ಬೇಕ್ರಿ ಮಾಸ್ತರ. ಸ್ಟೇರಿಂಗ್ ಇಲ್ಲದ ಗಾಡಿ ಯಾರ ಪಾಸ್ ಮಾಡ್ತಾರ?"

"ಅದು ಗೇಣುದ್ದದ ಗಾಡಿ ಅದರಿ."

"ಗೇಣುದ್ದ ಇದ್ರೂ ಗಾಡಿ ಗಾಡಿನ. ನಾಳೆ ಯಾರಿಗರೆ ಬಡೀತು ಅಂದ್ರ ಕೋರ್ಟಿನ್ಯಾಗ ನಾವು ಕೋಲ ತೋರಸೂದೇನು?"

ಒಂದು ತಾಸು ಇದೇ ನಡೆಯಿತು. ನನ್ನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಕೋಲು ಎಂದು ಬಾಯಿ ಬಿಟ್ಟವನು ನಾನು, ಕೋಲು ಕೈಕೊಟ್ಟರೆ ಮನೆಗೆ ಹೋಗುವವನೂ ನಾನು. ಕೊನೆಗೆ ಚೇರ್ಮನ್ನರು ಕೈ ಎತ್ತಿದರು.

"ಕೋಲಿನ ಡಬ್ಬಿನ ತರಸ್ರಿ. ನಾಲ್ಕು ಡಬ್ಬಿ ತಂದ್ರ ನಾಲ್ಕು ಕಡೆ ಕೆಡತಾವು. ಒಂದ ತಂದ್ರ ಒಂದ ಕಡೆ ಕೆಡತೈತಿ." ಆಮೇಲೆ ನನ್ನ ಕಡೆ ತಿರುಗಿ, "ಮಾಸ್ತರ, ಬೈಲಹೊಂಗಲ ಸಾಲಿ ವರ್ಷದ ಗ್ಯಾದರಿಂಗಿಗೆ ಬೆಳಗಾವಿ ಶಿಕ್ಷಣ ಇಲಾಖೆ ಸಾಹೇಬ್ರು ಬರಾಕತ್ತಾರ. ಅವರ ಮುಂದ ಗಾಡಿ ಓಡಿದ್ರ ನಿಮ್ಮನ್ನ ಕಾಯಂ ಮಾಡೂಣು. ಓಡಲಿಲ್ಲಂದ್ರ ಜೂನದಾಗ ಬ್ಯಾರೆ ಮಾಸ್ತರನ್ನ ನೋಡೂಣು," ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಕ್ಲಾರ್ಕರು ಠರಾವು ಬರೆದರು. ಅವರಿಗೆ ರೇಡಿಯೋ, ಹರಳು ಒಂದೂ ತಿಳಿದಿರಲಿಲ್ಲ. ತಿಳಿದಷ್ಟನ್ನು ಬರೆದು ನೋಟೀಸ್ ಬೋರ್ಡಿಗೆ ಹಚ್ಚಿದರು: "ವಿಜ್ಞಾನ ಶಿಕ್ಷಕರಿಗೆ ಎರಡು ಕೋಲು ಮಂಜೂರು ಮಾಡಲಾಗಿದೆ."

ಮರುದಿನ ಗಣಿತದ ಮಾಸ್ತರರು ನನ್ನ ಸಂಗಡ ಮಾತೇ ಬಿಟ್ಟರು. ಮಧ್ಯಾಹ್ನ ಕೇಳಿಯೇ ಕೇಳಿದರು: "ಇಪ್ಪತ್ತು ವರ್ಷ ಸರ್ವಿಸ್ ಆದವರಿಗೆ ವರ್ಷಕ್ಕ ಒಂದ ಬೆತ್ತ ಕೊಡ್ತಾರ. ನೀವು ಟೆಂಪರರಿ. ನಿಮಗ ಎರಡು ಯಾಕ್ರಿ?"

೨. ಕಿತ್ತೂರಿನ ಬಸ್ಸು

ಪಾರ್ಸಲು ಬಂತು. ಗಾಡಿಗಳು ಒಂದೊಂದಾಗಿ ನಾಲ್ಕು ಊರಿಗೆ ಹೋದವು. ಡಬ್ಬಿ ಮಾತ್ರ ನನ್ನ ಕೊರಳಿಗೆ ಬಿತ್ತು. ಪ್ರತಿ ಶನಿವಾರ ಮುಂಜಾನೆಯ ಸಾಲಿ ಮುಗಿದ ಮೇಲೆ ಒಂದೊಂದು ಊರಿಗೆ ಬಸ್ಸಿನಲ್ಲಿ ಒಯ್ದು, ಅಲ್ಲಿಯ ಗಾಡಿಯನ್ನು ಓಡಿಸಿ ತೋರಿಸಿ ಬರಬೇಕು. ಓಡಿಸುವುದು ಕಾಗದದ ಮೇಲೆ ಸುಲಭ. ಗಾಡಿ ಎಡಕ್ಕೆ ತಿರುಗಬೇಕಾದರೆ ಬಲದ ಗಾಲಿ ಮುಂದೆ ಹೋಗಬೇಕು, ಅಂದರೆ ಬಲದ ಕೋಲು ಒತ್ತಬೇಕು. ಇದನ್ನು ಕರೀ ಫಳಿಯ ಮೇಲೆ ಚಿತ್ರ ಬರೆದು ಕಲಿಸಿದವನು ನಾನೇ. ಆದರೆ ಡಬ್ಬಿ ಕೈಗೆ ಬಂದರೆ ನನ್ನ ಕೈಗಳು ಮಾತು ಕೇಳುತ್ತಿರಲಿಲ್ಲ. ಎಡಕ್ಕೆ ಎಂದ ಕೂಡಲೇ ಎಡದ ಕೋಲನ್ನೇ ಒತ್ತುತ್ತಿದ್ದವು.

ಮೊದಲನೆಯ ಶನಿವಾರ ಕಿತ್ತೂರು. ಆಗ ಎಮರ್ಜೆನ್ಸಿ. ಊರು ಇನ್ನೂ ದೂರ ಇರುವಾಗಲೇ ಪೊಲೀಸರು ಬಸ್ಸು ನಿಲ್ಲಿಸಿ ತಪಾಸಣೆಗೆ ಹತ್ತಿದರು. ನನ್ನ ತೊಡೆಯ ಮೇಲೆ ಕರೀ ಡಬ್ಬಿ, ಅದರಿಂದ ಮೊಳ ಉದ್ದದ ಏರಿಯಲ್ಲು ಕಿಡಕಿಯ ಹೊರಗೆ ಇಣುಕುತ್ತಿತ್ತು. ಹವಾಲ್ದಾರ ಅದನ್ನೇ ನೋಡಿದ.

"ಏನದು?"

"ಡಬ್ಬಿ ಅದರಿ."

"ಅದು ಕಾಣಾಕತ್ತೇತಿ. ವೈರಲೆಸ್ ಏನು?"

ಇಲ್ಲ ಎನ್ನಬೇಕಿತ್ತು. ಆದರೆ ಪಾಠ ಹೇಳುವ ಚಟ ಹಾಳು ಮಾಡಿತು. "ಒಂದ ರೀತಿಯಿಂದ ನೋಡಿದ್ರ ವೈರಲೆಸ್ಸ ಅನ್ನಬೇಕ್ರಿ," ಎಂದೆ. ನನ್ನ ಬಾಜೂಕ ಕೂತಿದ್ದವನು ಬುತ್ತಿ ಗಂಟು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದ.

ಬಸ್ಸಿನಿಂದ ಇಳಿಸಿ, ಜೀಪಿನ ಹತ್ತಿರ ನಿಂತಿದ್ದ ಫೌಜದಾರರ ಮುಂದೆ ನಿಲ್ಲಿಸಿದರು. "ಇದರಾಗ ಯಾರ ಕೂಡ ಮಾತಾಡ್ತಿ?"

"ಮಾತಾಡೂದಿಲ್ರಿ ಸಾಹೇಬ್ರ. ಗಾಡಿ ಓಡಸ್ತೇನಿ."

"ಎಲ್ಲೈತಿ ಗಾಡಿ?"

"ಕಿತ್ತೂರಾಗೈತ್ರಿ."

"ನೀ ಇಲ್ಲಿ ಬಸ್ಸಿನ್ಯಾಗ ಕುಂತು ಕಿತ್ತೂರಾಗ ಗಾಡಿ ಓಡಸ್ತಿ?"

ಡಬ್ಬಿಗೆ ತೆಗೆಸಿದ್ದ ಲೈಸೆನ್ಸಿನ ಕಾಗದ ಬೈಲಹೊಂಗಲದ ಆಫೀಸಿನ ಕಪಾಟಿನಲ್ಲಿತ್ತು. ಜೀಪಿನಲ್ಲಿ ಕೂರಿಸಿ ಕಿತ್ತೂರಿನ ನಮ್ಮ ಸಾಲಿಗೇ ಕರೆತಂದರು. ಜೀಪಿನಲ್ಲಿ ಕೂತು ನಾನು ಲೆಕ್ಕ ಹಾಕಿದ್ದು ಒಂದೇ: ಪೊಲೀಸ್ ಜೀಪು ಹತ್ತಿದ ಮಾಸ್ತರನನ್ನು ಯಾವ ಕಮಿಟಿ ಕಾಯಂ ಮಾಡೀತು? ಗಾಡಿ ತರಿಸಿದೆ, ಹರಳು ಕೂರಿಸಿದೆ, ಕೋಲು ಒತ್ತಿದೆ. ಪುಣ್ಯಕ್ಕೆ ಅದು ಓಡಿತು. ಫೌಜದಾರರ ಮುಖ ಸಡಿಲಾಯಿತು. ತಾವೂ ಒಂದು ಕೈ ನೋಡಿ, ಗಾಡಿಯನ್ನು ಎರಡು ಸಲ ಗೋಡೆಗೆ ಬಡಿದು, ಡಬ್ಬಿ ತಿರುಗಿ ಕೊಟ್ಟರು.

ಹೋಗುವ ಮೊದಲು ಬರೆದುಕೊಳ್ಳಲು ಡೈರಿ ತೆಗೆದು, ಬಾಗಿಲಲ್ಲಿ ನಿಂತಿದ್ದ ಕಿತ್ತೂರಿನ ಹೆಡ್‌ಮಾಸ್ತರರನ್ನು ಕೇಳಿದರು: "ಇವರು ನಿಮ್ಮವರ ಹೌದಲ್ಲೋ?"

ಹೆಡ್‌ಮಾಸ್ತರರು ಒಮ್ಮೆ ನನ್ನನ್ನು, ಒಮ್ಮೆ ಜೀಪನ್ನು ನೋಡಿ ವಿಚಾರ ಮಾಡಿ ಹೇಳಿದರು: "ಜೂನ್ ತನಕಾ ನಮ್ಮವರ ಅದಾರ್ರಿ. ಮುಂದಿಂದು ಕಮಿಟಿ ನೋಡತೈತಿ."

೩. ಸಂಚಿಯೊಳಗಿನ ಸವದತ್ತಿ

ನಾಲ್ಕು ಊರಿನ ನಾಲ್ಕು ಹರಳು, ಒಂದೊಂದೂ ಅಡಿಕೆಯ ಹೋಳಿನಷ್ಟು. ಅದಲುಬದಲಾದರೆ ಗಾಡಿ ಅಲುಗುವುದಿಲ್ಲ. ಆ ವಾರ ಊರಿಂದ ಬಂದಿದ್ದ ನನ್ನ ತಾಯಿ ತನ್ನ ಹಳೆಯ ಎಲೆ ಅಡಿಕೆ ಸಂಚಿಯನ್ನು ಕೊಟ್ಟಳು. ಬಟ್ಟೆಯದು, ನಾಲ್ಕು ಖಾನೆ, ಎಳೆದು ಕಟ್ಟುವ ದಾರ. ಎಲೆ ಇಡುವಲ್ಲಿ ಬೈಲಹೊಂಗಲ, ಸುಣ್ಣದ ಖಾನೆಯಲ್ಲಿ ಕಿತ್ತೂರು, ಅಡಿಕೆಯ ಖಾನೆಯಲ್ಲಿ ಸವದತ್ತಿ, ತಂಬಾಕಿನ ಖಾನೆಯಲ್ಲಿ ರಾಮದುರ್ಗ. ಇಂಥ ಅನುಕೂಲ ಮುಂಬಯಿಯವನಿಗೂ ಹೊಳೆದಿರಲಿಕ್ಕಿಲ್ಲ ಎಂದು ಹೆಮ್ಮೆಯೂ ಆಯಿತು.

ಸವದತ್ತಿಯ ಹೆಡ್‌ಮಾಸ್ತರರ ಬಾಯಿ ಎಲೆ ಅಡಿಕೆಯಿಲ್ಲದೆ ಖಾಲಿ ಇದ್ದದ್ದನ್ನು ಕಂಡವರಿರಲಿಲ್ಲ. ಆ ದಿನ ಹಾಲಿನಲ್ಲಿ ಊರ ಹಿರಿಯರು, ಕಮಿಟಿಯ ಇಬ್ಬರು ಮೆಂಬರುಗಳು ಬಂದು ಕೂತಿದ್ದರು. ಇವರು ಹೋಗಿ ಹೇಳುವ ವರದಿಯ ಮೇಲೆ ಚೇರ್ಮನ್ನರು ನನ್ನನ್ನು ತೂಗುವವರಿದ್ದರು. ನಾನು ಟೇಬಲ್ಲಿನ ಮೇಲೆ ಸಂಚಿ ಇಟ್ಟು, ಬಗ್ಗಿ ಗಾಡಿಗೆ ಸೆಲ್ಲು ಹಾಕುತ್ತಿದ್ದೆ.

ಮೇಲಿನಿಂದ ಹೆಡ್‌ಮಾಸ್ತರರ ಸಂತೋಷದ ದನಿ ಕೇಳಿತು. "ಮಾಸ್ತರ, ನೀವೂ ಎಲಿ ಹಾಕತೀರಿ ಅಂತ ಗೊತ್ತಿರಲಿಲ್ಲ ನೋಡ್ರಿ." ಆಮೇಲೆ ಕಟಕ್ ಎಂದು ಸಪ್ಪಳ. "ಅಡಿಕಿ ಬಾಳ ಹಳೇದು ಕಾಣತೈತಿ."

ನಾನು ಎದ್ದು ಸಂಚಿ ನೋಡಿದೆ. ಬೈಲಹೊಂಗಲ ಇತ್ತು. ಕಿತ್ತೂರು ಇತ್ತು. ರಾಮದುರ್ಗ ಇತ್ತು. ಅಡಿಕೆಯ ಖಾನೆ ಖಾಲಿ. ಇನ್ನೊಂದು ಹರಳು ಮುಂಬಯಿಯಿಂದ ಬರಲು ತಿಂಗಳು ಬೇಕು, ಗ್ಯಾದರಿಂಗಿಗೆ ಉಳಿದದ್ದು ಮೂರು ವಾರ.

"ಸರ, ನುಂಗಬ್ಯಾಡ್ರಿ. ಉಗುಳ್ರಿ."

"ಯಾಕ್ರಿ, ಮಂತ್ರಿಸಿದ ಅಡಿಕಿ ಏನು?"

"ಸರ, ನಿಮ್ಮ ಬಾಯಾಗ ಸವದತ್ತಿ ಐತ್ರಿ."

ಅವರು ಗಾಬರಿಯಾಗಿ ದವಡೆ ನಿಲ್ಲಿಸಿದರು. ಅಂಗೈಗೆ ಉಗುಳಿದರು. ಕೆಂಪು ರಸದೊಳಗೆ ಹರಳು ಇತ್ತು, ಮೇಲಿನ ತಗಡಿಗೆ ಹಲ್ಲಿನ ಗುರುತು ಬಿದ್ದಿತ್ತು. ತೊಳೆದೆ, ಪಂಚೆಯ ತುದಿಯಿಂದ ಒರೆಸಿದೆ, ಊದಿದೆ, ಕೂರಿಸಿದೆ. ಮೆಂಬರುಗಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಕೋಲು ಒತ್ತಿದೆ. ಗಾಡಿ ಒಂದು ಸಲ ಮಿಸುಕಿ, ಬಾಗಿಲತನಕ ಓಡಿತು.

ಹೆಡ್‌ಮಾಸ್ತರರು ದವಡೆ ಸವರಿಕೊಳ್ಳುತ್ತ ಸಭೆಗೆ ಹೇಳಿದರು: "ನೋಡ್ರಿ, ರಂಗ ಹತ್ತಿದಮ್ಯಾಲೆ ಹೆಂಗ ಓಡಾಕತ್ತೇತಿ. ಉಳದ ಮೂರೂ ಇಲ್ಲೆ ಕೊಡ್ರಿ ಮಾಸ್ತರ."

೪. ರಾಮದುರ್ಗದ ಹನ್ನೊಂದು ಸುತ್ತು

ರಾಮದುರ್ಗದ ಸಾಲಿಯ ಅಂಗಳದಲ್ಲಿ ಒಂದು ಬೇವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಸಣ್ಣ ಮಾರುತಿ. ಶನಿವಾರ, ಜನ ಎಣ್ಣೆ ಹಾಕಲು ಬರುವ ದಿನ. ನಾನು ಗಾಡಿಯನ್ನು ಕಟ್ಟೆಯ ಪಕ್ಕದಿಂದ ಬಿಟ್ಟೆ. ಎಡದ ಕೋಲಿನ ಸ್ಪ್ರಿಂಗು ಅಲ್ಲೇ ಸಡಿಲಾಗಬೇಕೆ? ಒತ್ತಿದ ಕೋಲು ಒತ್ತಿದಲ್ಲೇ ಕೂತಿತು. ಬಲಗಡೆಯ ಮೋಟಾರು ಮೊದಲೇ ಸೋಮಾರಿ. ಬಲದ ಕೋಲನ್ನು ಎಷ್ಟು ಒತ್ತಿದರೂ ಗಾಡಿ ನೇರವಾಗಲಿಲ್ಲ, ಬಲಕ್ಕೆ ವಾಲುತ್ತ ಕಟ್ಟೆಯನ್ನು ಸುತ್ತತೊಡಗಿತು.

ಕಲ್ಲಿಗೂ ಗಾಡಿಗೂ ನಡುವೆ ನಾಲ್ಕು ಬೆರಳು ಸಂದು. ಬಡಿದರೆ ಗಾಡಿ ಚೂರು, ಗಾಡಿ ಚೂರಾದರೆ ನನ್ನ ನೌಕರಿಯೂ ಚೂರು. ಬಲದ ಕೋಲಿನಿಂದ ಬೆರಳು ತೆಗೆದರೆ ಸೀದಾ ಕಲ್ಲಿಗೇ ನುಗ್ಗುತ್ತದೆ, ಹೀಗಾಗಿ ಓಡಿಹೋಗಿ ಹಿಡಿಯುವಂತೆಯೂ ಇರಲಿಲ್ಲ. ನಿಂತಲ್ಲೇ ಬೆವರುತ್ತ ಒತ್ತಿಯೇ ಒತ್ತಿದೆ.

ಸುತ್ತಲೂ ಜನ ಕೂಡಿದರು. ಒಬ್ಬರು ಚಪ್ಪಲಿ ಬಿಟ್ಟರು, ಅವರನ್ನು ನೋಡಿ ಎಲ್ಲರೂ ಬಿಟ್ಟರು. ಎಣ್ಣೆಯ ಗಿಂಡಿ ಹಿಡಿದಿದ್ದ ಒಬ್ಬ ಮುದುಕರು ಎಣಿಸತೊಡಗಿದರು. ಏಳು, ಎಂಟು, ಒಂಬತ್ತು. ಹನ್ನೊಂದಕ್ಕೆ ಸರಿಯಾಗಿ ಸೆಲ್ಲು ಮುಗಿದು ಗಾಡಿ ಮಾರುತಿಯ ಎದುರಿಗೇ ನಿಂತಿತು. ಆಗ ನಾನು ಕೋಲಿನಿಂದ ಬೆರಳು ತೆಗೆದೆ.

ಮುದುಕರು ಜನರ ಕಡೆ ತಿರುಗಿದರು. "ವಿಜ್ಞಾನದ ಮಾಸ್ತರಿಗೆ ದೇವರ ಮ್ಯಾಲೆ ನಂಬಿಗಿಲ್ಲ ಅಂತಿದ್ರಿ. ನೋಡ್ರಿ, ನಿಂತಲ್ಲೆ ನಿಂತು ಹನ್ನೊಂದು ಸುತ್ತ ಹಾಕಿದ್ರು."

೫. ಗ್ಯಾದರಿಂಗು

ಗ್ಯಾದರಿಂಗಿಗೆ ಎರಡು ದಿನ ಇರುವಾಗ ಚೇರ್ಮನ್ನರು ಹೊಸ ಹುಕುಂ ಹೊರಡಿಸಿದರು. ನಾಲ್ಕೂ ಗಾಡಿ ಒಮ್ಮೆಲೇ ಓಡಬೇಕು. ಇರುವುದು ಒಂದು ಡಬ್ಬಿ, ಅದರ ಎಡದ ಕೋಲನ್ನೂ ರಾಮದುರ್ಗದ ಸೋಮಾರಿ ಮೋಟಾರನ್ನೂ ಆಗಷ್ಟೇ ರಿಪೇರಿ ಮಾಡಿದ್ದೆ. ತಲೆ ಕೆಡಿಸಿಕೊಂಡು ಗಾಡಿಗಳನ್ನು ಬಿಚ್ಚಿದಾಗ ಒಳಗೆ ಒಂದೊಂದು ಸಣ್ಣ ತಿರುಪು ಕಂಡಿತು. ಅದನ್ನು ಹೊಂದಿಸಿದರೆ ನಾಲ್ಕೂ ಗಾಡಿ ಒಂದೇ ಹರಳಿನ ಮಾತು ಕೇಳುತ್ತಿದ್ದವು. ಮೊದಲೇ ಗೊತ್ತಿದ್ದರೆ ಸವದತ್ತಿಯ ಹೆಡ್‌ಮಾಸ್ತರರನ್ನು ಆರಾಮವಾಗಿ ಅಗಿಯಲು ಬಿಡುತ್ತಿದ್ದೆ.

ಆ ದಿನ ಲಾರಿ ಮಾಲಕರು ತಮ್ಮ ಕೋಟು ಟೈ ನನಗೆ ತೊಡಿಸಿದರು. "ಸಾಹೇಬ್ರ ಮುಂದ ಮಾಸ್ತರ ಮಾಸ್ತರನಂಗ ಕಾಣಬಾರದು," ಎಂದರು. ಅದು ಹತ್ತಿ ಬಿಡಿಸುವ ಕಾಲ. ಚೇರ್ಮನ್ನರು ಹೊಲದಿಂದ ಸೀದಾ ಬಂದಿದ್ದರು, ಧೋತರಕ್ಕೆ ಹತ್ತಿ ಅಂಟಿತ್ತು, ತಲೆಗೆ ರುಮಾಲು. ಬೆಳಗಾವಿಯ ಸಾಹೇಬರು ಬದಲಿಯಾಗಿ ಹೊಸದಾಗಿ ಬಂದವರು. ತಡವಾಗಿ ಬಂದು, ಯಾರ ಪರಿಚಯವೂ ಆಗದೆ, ಮುಂದಿನ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿಕೊಂಡರು.

ಅಂಗಳದ ನಡುವೆ ಗಾಡಿಗಳನ್ನು ಇಡಿರೆಂದು ನಾಲ್ಕೂ ಹೆಡ್‌ಮಾಸ್ತರರಿಗೆ ಹೇಳಿದ್ದೆ. ಮೂತಿ ಯಾವ ಕಡೆ ಇರಬೇಕೆಂದು ಹೇಳಿರಲಿಲ್ಲ. ಅವರು ಅಭಿಮಾನದಿಂದ ತಂತಮ್ಮ ಗಾಡಿಯನ್ನು ತಂತಮ್ಮ ಊರಿನ ದಿಕ್ಕಿಗೆ ಮುಖ ಮಾಡಿ ಇಟ್ಟಿದ್ದರು. ನಾನು ಉಸಿರು ಹಿಡಿದು ಎರಡೂ ಕೋಲು ಒತ್ತಿದೆ. ಸವದತ್ತಿ ಸವದತ್ತಿಯ ಕಡೆ ಹೋಯಿತು. ಕಿತ್ತೂರು ಕಿತ್ತೂರಿನ ಕಡೆ ಹೋಯಿತು. ರಾಮದುರ್ಗ ಹೆಣ್ಣುಮಕ್ಕಳ ಸಾಲಿನೊಳಗೆ ನುಗ್ಗಿತು. ಬೈಲಹೊಂಗಲ ಊರಲ್ಲೇ ಇದ್ದುದರಿಂದ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಅದು ಸಾಹೇಬರ ಕಡೆ ಬಂತು.

ಎಡಕ್ಕೆ ತಿರುಗಿಸಬೇಕೆಂದು ಎಡದ ಕೋಲು ಒತ್ತಿದೆ. ನಾಲ್ಕೂ ಬಲಕ್ಕೆ ತಿರುಗಿದವು. ಸಾಹೇಬರು ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಕೊಂಡರು. ಜೂನ್ ತಿಂಗಳು ನನ್ನ ಕಣ್ಣಮುಂದೆ ಬಂದು ನಿಂತಿತು. ಅಷ್ಟರಲ್ಲಿ ಯಾರೋ ಕೈಯಿಂದ ಡಬ್ಬಿ ಕಸಿದುಕೊಂಡರು. ಚೇರ್ಮನ್ನರು.

"ಗೌಡ್ರ, ಅದು ಬಾಳ ನಾಜೂಕ ಅದರಿ."

"ಸುಮ್ಕಿರ್ರಿ. ಈ ಕಡಿದು ಎಡಗೋಲು, ಈ ಕಡಿದು ಬಲಗೋಲು. ಹೌದಿಲ್ಲೋ?"

ನೊಗದ ಎಡಕ್ಕೆ ಕಟ್ಟುವ ಎತ್ತಿಗೆ ನಮ್ಮ ಕಡೆ ಎಡಗೋಲು ಎನ್ನುತ್ತಾರೆ, ಬಲದ್ದಕ್ಕೆ ಬಲಗೋಲು. "ಎಡಕ್ಕ ಹೊಳ್ಳಸಬೇಕಂದ್ರ ಎಡಗೋಲ ತಡೀಬೇಕು, ಬಲಗೋಲ ಬಿಡಬೇಕು. ಇದಕ್ಕ ಬಿ.ಎಸ್ಸಿ. ಯಾಕ ಬೇಕ್ರಿ?" ಎಂದರು. ಹೆಡ್‌ಮಾಸ್ತರರಿಗೆ ಗದರಿಸಿ ನಾಲ್ಕೂ ಗಾಡಿಯನ್ನು ಒಂದೇ ದಿಕ್ಕಿಗೆ, ಬೀಜ ಬಿತ್ತುವ ಕೂರಿಗೆಯ ನಾಲ್ಕು ತಾಳಿನ ಹಾಗೆ ಸಾಲಾಗಿ ನಿಲ್ಲಿಸಿದರು. ಬಾಯಲ್ಲಿ ಎತ್ತು ಹೊಡೆಯುವಾಗಿನ ಸಪ್ಪಳ ಮಾಡಿ ಕೋಲು ಒತ್ತಿದರು. ನಾಲ್ಕೂ ಕೂಡಿ ಹೊರಟವು. ಅಂಗಳದ ಕೊನೆಗೆ ಹೊಲದ ಬದುವಿನಲ್ಲಿ ಹೊಳ್ಳಿಸಿದಂತೆ ಹೊಳ್ಳಿಸಿದರು, ನಾಲ್ಕೂ ಕೂಡಿ ತಿರುಗಿದವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಸಾಹೇಬರು ಕಾಲು ಇಳಿಸಿ ನಮ್ಮ ಹತ್ತಿರ ಬಂದರು. ಚೇರ್ಮನ್ನರ ಹೆಗಲ ಮೇಲೆ ಕೈಯಿಟ್ಟರು. "ಇಂಥಾ ಸಾದಾ ಉಡುಪು, ಇಷ್ಟು ವಿಜ್ಞಾನ. ಇಂಥ ಶಿಕ್ಷಕರನ್ನ ನಾ ಎಲ್ಲೂ ನೋಡಿಲ್ಲ." ಆಮೇಲೆ ನನ್ನ ಕೋಟು ಟೈ ನೋಡಿ ಕೈಕುಲುಕಿದರು. "ಚೇರ್ಮನ್ ಸಾಹೇಬ್ರ, ಈ ಮಾಸ್ತರನ್ನ ಕಾಯಂ ಮಾಡೀರಿ ಹೌದಲ್ಲೋ?"

ನಿಜ ಹೇಳಿದರೆ ತುಂಬಿದ ಸಭೆಯಲ್ಲಿ ಸಾಹೇಬರಿಗೆ ಅವಮಾನ, ಹೇಳದಿದ್ದರೆ ಚೇರ್ಮನ್ನರಿಗೆ. ಬಾಯಿಗೆ ಬಂದದ್ದು ರೂಢಿಯ ಮಾತೊಂದೇ: "ಇನ್ನೂ ಇಲ್ರಿ. ಟೆಂಪರರಿ."

ಸಾಹೇಬರ ಮುಖ ಕೆಂಪಾಯಿತು. "ಇಂಥವರನ್ನ ಟೆಂಪರರಿ ಇಟ್ಟೀರಿ? ನಾಳೆ ಸಂಜಿ ಒಳಗ ಆರ್ಡರ್ ಆಗಬೇಕು."

ಚೇರ್ಮನ್ನರು ಡಬ್ಬಿ ಕಂಕುಳಲ್ಲಿಟ್ಟು ಕೈಮುಗಿದರು. ಮುಖದಲ್ಲಿ ಒಂದು ಗೆರೆ ಸಹ ಅಲುಗಲಿಲ್ಲ. "ಉಪಕಾರ ಆತ್ರಿ ಸಾಹೇಬ್ರ. ಎರಡ ವರ್ಷದಿಂದ ಕಾಯಾಕತ್ತಿದ್ದೆ."

ಮರುದಿನ ಮುಂಜಾನೆ ಮನೆಗೆ ಬರಹೇಳಿ ಚೇರ್ಮನ್ನರ ಆಳು ಬಂದ. ಹಾದಿಯುದ್ದಕ್ಕೂ ಟ್ರಂಕಿನಲ್ಲಿ ಯಾವ ಅಂಗಿ ಮೇಲಿಡಲಿ ಎಂದೇ ವಿಚಾರ ಮಾಡಿದೆ. ಚೇರ್ಮನ್ನರು ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದರು. ತಾಟಿನ ಬದಿಗೆ ಒಂದು ಕಾಗದ ಮಡಚಿ ಇಟ್ಟಿದ್ದರು. ಅದನ್ನು ನನ್ನ ಕಡೆ ಸರಿಸಿದರು. ಕಾಯಂ ಆರ್ಡರು. ಹೆಸರು ನನ್ನದು. ಎರಡೆರಡು ಸಲ ಓದಿದೆ, ಕಣ್ಣು ಮಂಜಾಯಿತು.

"ಗೌಡ್ರ, ನಿನ್ನೆ ನಾ ಗಾಡಿ ಓಡಸಲಿಲ್ಲ," ಎಂದೆ.

"ಹೌದು. ಸಾಹೇಬ್ರು ಕಾಯಂ ಮಾಡಂದಿದ್ದೂ ನನ್ನನ್ನ," ಎಂದು ಅವರು ನೀರು ಕುಡಿದು ತಂಬಿಗೆ ಕೆಳಗಿಟ್ಟರು. "ಆದ್ರ ಹತ್ತಿ ಬಿಡಸೂದು ಬಿಟ್ಟು ಮುಂಜಾನೆ ಹನ್ನೊಂದಕ್ಕ ಸಾಲಿಗೆ ಬರಾಕ ನನಗ ಆಗೂದಿಲ್ರಿ. ಹಿಂಗಾಗಿ ನನ್ನ ಬದಲಿ ನಿಮ್ಮನ್ನ ಹಾಕೇನಿ."